ಚೌಡಿಬನದ ಕಮಾನು ಪಟ್ಟಿ

ಗಂಡನ ತಿಥಿ ಮುಗಿದ ಮರುದಿನ ಬೆಳಗ್ಗೆ ವಿಶಾಲಾಕ್ಷಿ ಎಂದಿನಂತೆ ಬಟ್ಟೆ ನೆನೆಹಾಕಲು ಹಿತ್ತಿಲಿಗೆ ಬಂದಳು. ಕಾರು ನಿಂತಿದ್ದ ಕೊಟ್ಟಿಗೆಯಿಂದ ಹರಳೆಣ್ಣೆಯ ವಾಸನೆ ಹೊಡೆಯಿತು. ಜೊತೆಗೆ ಯಾರೋ ಸೀಟಿನಲ್ಲಿ ಕುಳಿತಂತೆ ಕಿರ್ರೆಂಬ ಸದ್ದು.

ಕಮಾನು ಪಟ್ಟಿ ಕೇಳಲು ಹೋದ ದಿನವೇ ಮಾರ ಹೇಳಿದ್ದ. ಕುಶಾಲನಗರದಾಚೆಯ ಚೌಡಿಬನವನ್ನು ನೋಡಿಕೊಳ್ಳುವ ಮುದುಕ ಅವನು. ಜೀವ ತೆಗೆದ ಗಾಡಿಯ ಒಂದು ತುಂಡು ಕಬ್ಬಿಣವನ್ನು ಚೌಡಿಯ ಕಲ್ಲಿಗೆ ಒಪ್ಪಿಸುವುದು ಅಲ್ಲಿಯ ಪದ್ಧತಿ. ಅದು ಮತ್ತೆ ರಸ್ತೆಗಿಳಿಯಬಾರದು. ಸ್ವಾತಂತ್ರ್ಯ ಬಂದಾಗ ಬ್ರಿಟಿಷ್ ದೊರೆಯೊಬ್ಬ ಬಿಟ್ಟುಹೋದ ಹಳೆ ಕಾರನ್ನು ಅವಳ ಗಂಡ ಸಣ್ಣಸ್ವಾಮಿ ಸರಿಮಾಡುತ್ತಿದ್ದ. ಗಾಡಿಯ ಭಾರ ಹೊರುವ ಹಿಂಬದಿಯ ಕಮಾನು ಸ್ಪ್ರಿಂಗಿಗೆ ಒಂದು ಕಬ್ಬಿಣದ ಪಟ್ಟಿ ಬೇಕಿತ್ತು. ಅದೇ ಅಳತೆಯದು, ಸಂಪಾಜೆ ಘಾಟಿಯಲ್ಲಿ ಉರುಳಿದ ಕಾರಿನದು, ಬನದಲ್ಲಿತ್ತು.

"ಬ್ಯಾಡಿ ಸ್ವಾಮಿ, ಅದು ಉಂಡಿರೋ ಕಬ್ಣ," ಎಂದಿದ್ದ ಮಾರ.

ಗಂಡ ಹಿಂಜರಿದ. ನಕ್ಕವಳು ಅವಳು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಮೈಸೂರಿನಿಂದ ಬಂದು ಆರು ತಿಂಗಳಾಗಿತ್ತು.

"ಉಂಡಿದ್ರೆ ಹೊಟ್ಟೆ ತುಂಬಿರುತ್ತಲ್ಲ! ಎರವಲು ತಗೊಳ್ರೀ, ಹೊಸದು ಸಿಕ್ಕಿದಾಗ ಕೊಟ್ಟರಾಯ್ತು."

ಪಟ್ಟಿ ಕೂರಿಸಿ, ಶಾಕ್ ಅಬ್ಸಾರ್ಬರ್‌ಗೆ ಹರಳೆಣ್ಣೆ ತುಂಬುವಾಗ ಜಾಕಿ ಜಾರಿತು. ಸಣ್ಣಸ್ವಾಮಿ ಕಾರಿನಡಿಯಲ್ಲಿದ್ದ.

ಈಗ ಅವಳು ಕೊಟ್ಟಿಗೆಯ ಬಾಗಿಲು ತೆರೆದಳು. ಕಾರು ಖಾಲಿ. ಆದರೂ ಡ್ರೈವರ್ ಬದಿ ಕುಸಿದಿತ್ತು. ನೋಡುತ್ತಿದ್ದಂತೆ ಮೇಲೆದ್ದಿತು. ಮತ್ತೆ ನಿಧಾನವಾಗಿ ಇಳಿಯಿತು. ಉಸಿರಾಡುವ ಹಾಗೆ.

ಮೈದುನ ದೇವರಾಜು ಕೀಲಿ ತಿರುಗಿಸುತ್ತ ಬಂದ. "ಅತ್ಗೆ, ಮಡಿಕೇರಿಗೆ ಹೋಗ್ಬತ್ತೀನಿ. ಅಣ್ಣನ ಗಾಡೀನ ಇಲಿಗೆ ಬಿಡಾಕಾಯ್ತದಾ?"

"ಬೇಡ. ಆ ಪಟ್ಟಿ ಬಿಚ್ಚಿಕೊಡು."

"ಬಿಎಸ್ಸಿ ಓದ್ದೋರೂ ಹಿಂಗಂದ್ರೆ!" ಎಂದು ನಗುತ್ತ ಅವನು ಕಾರಿನ ಬಾಗಿಲಿಗೆ ಕೈ ಹಾಕಿದ.

ಡ್ರೈವರ್ ಬದಿ ಎದ್ದಿತು. ಪಕ್ಕದ ಬದಿ ಕುಸಿಯಿತು. ಒಳಗಿದ್ದವರು ಸರಿದು, ಅವನಿಗೆ ಜಾಗ ಬಿಟ್ಟಂತೆ.

ದೇವರಾಜು ಕೀಲಿಯನ್ನು ಜೇಬಿಗಿಳಿಸಿದ. ಪಟ್ಟಿ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡ.

ಮಧ್ಯಾಹ್ನ ಅವಳು ಪಟ್ಟಿಯನ್ನು ಹೆಗಲ ಮೇಲೆ ಹೊತ್ತು ಬನಕ್ಕೆ ಹೋದಳು. ಒಳಗೆ ಬಿಸಿಲಿರಲಿಲ್ಲ. ಕೊಳೆತ ಎಲೆ, ತುಕ್ಕು, ಹಳೆಯ ರಕ್ತದ ವಾಸನೆ.

"ತಗಂಡೋರ ಹೆಸ್ರು ಹೇಳಿ ಮಡಗಿ, ತಾಯಿ," ಎಂದ ಮಾರ ದೂರದಿಂದಲೇ. "ಆ ಹೆಸ್ರಿನ ಜೀವ ಇಲ್ಲೇ ಕಾವ್ಲಿರ್ತದೆ. ಮನೇಗ್ ಬರಾಕಿಲ್ಲ."

"ಎಷ್ಟು ದಿನ?"

"ಕಬ್ಣ ಕರಗೋಗಂಟ."

ಅವಳು ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡಿದವಳಲ್ಲ. ಈಗ ಅದು ತುಟಿಯವರೆಗೆ ಬಂತು. ಹಿಂಜರಿದಿದ್ದವನು. ಅವಳ ನಗೆಗೆ ನಾಚಿ ಪಟ್ಟಿ ಎತ್ತಿಕೊಂಡವನು. ಕಬ್ಬಿಣ ಹೆಗಲ ಮೇಲೆ ಬೆಚ್ಚಗಾಯಿತು. ಭಾರವಾಯಿತು. ಇನ್ನೂ ಭಾರವಾಯಿತು. ಒಬ್ಬ ಗಂಡಸಿನಷ್ಟು. ಮೊಣಕಾಲು ನೆಲಕ್ಕೆ ತಾಗಿತು.

"ವಿಶಾಲಾಕ್ಷಿ," ಎಂದಳು. ಪಟ್ಟಿಯನ್ನು ಕಲ್ಲಿನ ಬುಡದಲ್ಲಿಟ್ಟಳು.

"ಅಯ್ಯೋ, ಏನ್ ಮಾಡ್ಬುಟ್ರಿ ತಾಯಿ!"

ಅವಳು ಏಳಲು ನೋಡಿದಳು. ಪಟ್ಟಿ ಕೆಳಗಿದ್ದರೂ ಹೆಗಲ ಮೇಲಿನ ಭಾರ ಏಳಗೊಡಲಿಲ್ಲ.