ಅಕ್ಕನ ಕ್ಯಾಸೆಟ್ಟು

ಒಂದೂರಲ್ಲಿ ಒಂದು ಪೆಟ್ಟಿಗೆ ಇತ್ತಂತೆ. ಅದರ ಹೊಟ್ಟೆಯೊಳಗೆ ಸತ್ತುಹೋದ ಹುಡುಗಿಯೊಬ್ಬಳು ನಗುತ್ತಿದ್ದಳಂತೆ. ಅಜ್ಜಿ ಹೇಳಿದ್ದರೆ ಕಥೆ ಹೀಗೆ ಶುರುವಾಗುತ್ತಿತ್ತು. ಪೆಟ್ಟಿಗೆ ಕಟ್ಟಿದವಳು ನಾನು. ಹುಡುಗಿ ನನ್ನ ಅಕ್ಕ.

ಅಜ್ಜಿಯ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಅಕ್ಕನ ಹಳೇ ವಿಡಿಯೊ ಕ್ಯಾಸೆಟ್ಟನ್ನು ಟಿವಿಯಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಈಗಿನ ಟಿವಿಗೆ ಹಳೇ ಪ್ಲೇಯರಿನ ವೈರು ಸೇರುವುದಿಲ್ಲ. ಅದಕ್ಕೇ ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿ ನಾನೇ ಕಟ್ಟಿದ ಕಂಪ್ಯೂಟರ್. ಅದರೊಳಗೆ ಚಿತ್ರ ಎಳೆದುಕೊಳ್ಳುವ ಒಂದು ಕಾರ್ಡು. ಲಿನಕ್ಸಿಗೆ ಒಗ್ಗುವ ಚಿಪ್ಪಿನದೇ ಬೇಕೆಂದು ಅಳೆದೂ ಸುರಿದೂ ತಂದಿದ್ದೆ. ನಿನ್ನೆ ಬೇರೊಂದು ಕ್ಯಾಸೆಟ್ ಹಾಕಿದಾಗ ಚಿತ್ರ ಬಂದಿತ್ತು. ಅಕ್ಕನದನ್ನು ಅಜ್ಜಿಯೇ ಮೊದಲು ನೋಡಲಿ ಎಂದು ಮುಟ್ಟಿರಲಿಲ್ಲ.

ಇವತ್ತು ಅಜ್ಜಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತಳು. ಪರದೆ ನೀಲಿ. ಬರೀ ನೀಲಿ.

ಯಾರೋ ಕೈಯಾಡಿಸಿದ್ದಾರೆ ಎನಿಸಿ ಚಿಕ್ಕಮ್ಮನನ್ನು ಕರೆಸಿದೆ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದೇ ಅವಳ ಕೆಲಸ.

"ನಿನ್ನೆಯಿಂದ ಮನೇಲಿ ಯಾರ್ಯಾರಿದ್ರು?"

"ನಾವೇ. ಅಣ್ಣ, ಭಾವ."

ಭಾವ—ಅಕ್ಕನ ಗಂಡ. ಅಕ್ಕ ಹೋದ ಮೇಲೂ ಇಲ್ಲೇ ಉಳಿದವನು. ಅಜ್ಜಿ ಮೊದಲು ಬಡಿಸುವುದು ಅವನಿಗೇ.

"ನನ್ನ ಮುಖ ಯಾಕೆ ನೋಡ್ತೀಯ ಚಿಕ್ಕಮ್ಮ?" ಅಣ್ಣ ಸಿಡುಕಿದ. "ವಿಂಡೋಸ್ ಹಾಕು ಅಂತ ಬಡ್ಕೊಂಡೆ. ಇವಳಿಗೆ ಬಿಟ್ಟಿದೇ ಆಗ್ಬೇಕು."

"ನೀನು ಮುಟ್ಟಿದ್ಯಾ?"

"ಮುಟ್ಟಿದ್ರೆ ಈ ರಾಕ್ಷಸಿ ಕೈ ಕಡೀತಾಳೆ!"

"ಪಾಪ, ಬೈಬೇಡ," ಎಂದ ಭಾವ. "ಈಗ ಆ ಕಾರ್ಡಲ್ಲಿ ಹೊಸ ಚಿಪ್ಪು ಬರುತ್ತೆ. ಅದಕ್ಕೆ ಲಿನಕ್ಸಲ್ಲಿ ಡ್ರೈವರ್ ಇಲ್ಲ. ಬಿಟ್ಬಿಡಿ."

"ಡ್ರೈವರ್ ಅಂದ್ರೆ?" ಚಿಕ್ಕಮ್ಮ ನನ್ನತ್ತ ತಿರುಗಿದಳು.

"ಕಾರ್ಡಿಗೂ ಲಿನಕ್ಸಿಗೂ ನಡುವೆ ದುಭಾಷಿ ಇದ್ದ ಹಾಗೆ. ಆದ್ರೆ ನಿನ್ನೆ ಬಂದಿತ್ತಲ್ಲ ಭಾವ?"

"ಯಂತ್ರ ಅಲ್ವಾ, ಕೈ ಕೊಡುತ್ತೆ."

"ಬಿಚ್ಚೇ ಪೆಟ್ಟಿಗೇನ," ಎಂದಳು ಚಿಕ್ಕಮ್ಮ.

ಸ್ಕ್ರೂ ತೆಗೆದು ಕಾರ್ಡನ್ನು ಕೈಗೆತ್ತಿಕೊಂಡೆ. ಅದೇ ಬಣ್ಣ, ಅದೇ ಹೆಸರು. ಕಿಟಕಿಯ ಬೆಳಕಿಗೆ ಹಿಡಿದು ಚಿಪ್ಪಿನ ಮೇಲಿನ ನಂಬರು ಓದಿದೆ. "ಇದು ನನ್ನದಲ್ಲ! ನಂದು ಹಳೇ ಚಿಪ್ಪಿಂದು, ಇದು ಹೊಸದು!"

"ಹೆಸರು ಒಂದೇ, ಚಿಪ್ಪು ಬೇರೆ," ಚಿಕ್ಕಮ್ಮನ ದನಿ ತಣ್ಣಗಿತ್ತು. "ಇವಳು ತಂದಿದ್ದು ಹಳೇ ಚಿಪ್ಪಿಂದು. ಒಳಗಿರೋದು ಹೊಸದು ಅಂತ ಬಿಚ್ಚೋ ತನಕ ಇವಳಿಗೇ ಗೊತ್ತಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು, ಅಳಿಯಂದಿರೇ?"

ಭಾವ ಒಳಗೆ ಹೋಗಿ, ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ ನನ್ನ ಕಾರ್ಡನ್ನು ತಂದು ಮೇಜಿನ ಮೇಲಿಟ್ಟ.

"ಹೊಸದು ತಂದು ರಾತ್ರಿ ಬದಲಾಯಿಸಿದೆ. ತಪ್ಪು ಲಿನಕ್ಸ್ ಮೇಲೆ ಹೋಗುತ್ತೆ ಅಂದ್ಕೊಂಡೆ."

"ಇಷ್ಟೆಲ್ಲ ಯಾಕೆ? ಕ್ಯಾಸೆಟ್ಟನ್ನೇ ಸುಟ್ಟಿದ್ರೆ ಆಗ್ತಿತ್ತಲ್ಲ?"

"ಅದರಲ್ಲಿ ಅವಳಿದ್ದಾಳೆ ಅತ್ತೆ. ಕೈ ಬರಲಿಲ್ಲ."

"ಮತ್ತೆ?"

"ನಾನೂ ಇದ್ದೀನಿ."

ಕಾರ್ಡು ಕೂರಿಸಿದೆ. ಪರದೆಯಲ್ಲಿ ಅಕ್ಕ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದಳು. ಮೂಗಿಗೂ ಬಣ್ಣ. ನಕ್ಕಳು. ಅಜ್ಜಿಯೂ ನಕ್ಕಳು. ಆಗ ಕ್ಯಾಮೆರಾದ ಹಿಂದಿನಿಂದ ಭಾವನ ದನಿ: "ಥೂ, ಹಲ್ಲು ಮುಚ್ಚೇ. ನೋಡೋಕಾಗಲ್ಲ ನಿನ್ನ ಮೋರೆ."

ಅಕ್ಕನ ಕೈ ತಟ್ಟನೆ ಬಾಯಿಗೆ ಹೋಯಿತು. ಅಲ್ಲಿಂದಾಚೆ ಅವಳು ನಗಲಿಲ್ಲ.

"ನಿಲ್ಲಿಸ್ಲಾ ಅಜ್ಜಿ?" ಅಣ್ಣ ಪ್ಲೇಯರಿನತ್ತ ಕೈ ಚಾಚಿದ.

"ಪೂರ್ತಿ ಹಾಕು."

ಬಾಗಿಲ ಬಳಿ ಭಾವ ತಲೆ ತಗ್ಗಿಸಿ ನಿಂತಿದ್ದ. ಅಜ್ಜಿ ಅತ್ತ ತಿರುಗಲಿಲ್ಲ. ಕ್ಯಾಸೆಟ್ಟು ಮುಗಿಯಿತು.

"ತೋರಿಸ್ತೀನಿ ಅಂತ ನೀನಂದಿದ್ದೆ, ತೋರಿಸಿದೆ ಮಗಳೇ," ಎಂದಳು ಅಜ್ಜಿ. "ಇನ್ನು ಈ ಕಣ್ಣು ಹೋದ್ರೂ ಪರವಾಗಿಲ್ಲ."