ಡ್ರಾಯರಿನಲ್ಲಿದ್ದ ಬ್ಯಾಡ್ಜ್‌ಗಳು

ಸೋಮವಾರ ಬೆಳಗ್ಗೆ 7.20. ಮಹಿಳಾ ಪೇದೆ ಠಾಣೆಯ ನೆಲ ಒರೆಸುತ್ತಿದ್ದಾಗಲೇ ಅಣುಸ್ಥಾವರದ ಗುತ್ತಿಗೆ ಮೇಸ್ತ್ರಿ ಬೂಟುಗಾಲಲ್ಲಿ ನುಗ್ಗಿದ.

"ಸ್ವಲ್ಪ ನಿಲ್ರೀ, ನೆಲ ಒಣಗಲಿ."

"ನನ್ನ ಹೊಟ್ಟೆ ಮೇಲೆ ಹೊಡ್ದಿದ್ದಾರೆ, ನಿಮಗೆ ನೆಲದ ಚಿಂತೆ!"

ಸ್ಥಾವರದಲ್ಲಿ ದುಡಿಯುವವರೆಲ್ಲ ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಧರಿಸಬೇಕು. ತಿಂಗಳ ಅಳತೆ ಮಿತಿ ದಾಟಿದರೆ ಪ್ರವೇಶವಿಲ್ಲ. ಮೇಸ್ತ್ರಿಯದು ಮಿತಿಯ ಮೂರು ಪಟ್ಟು ತೋರಿಸಿತ್ತು. ಅವನೋ ತಿಂಗಳಿಡೀ ರಿಯಾಕ್ಟರ್ ಕಟ್ಟಡದೊಳಗೆ ಕಾಲೇ ಇಟ್ಟಿರಲಿಲ್ಲ; ಬ್ಯಾಡ್ಜ್ ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲೇ ನೇತಾಡುತ್ತಿತ್ತು. ಯಾರೋ ಬ್ಯಾಡ್ಜ್ ಕೆಡಿಸಿದ್ದಾರೆಂದು ಎಫ್‌ಐಆರ್ ದಾಖಲಾಯಿತು.

11.00ಕ್ಕೆ ಇನ್‌ಸ್ಪೆಕ್ಟರ್ ಗೇಟಿನ ಪಕ್ಕದ ಬಟ್ಟೆ ಬದಲಿಸುವ ಕೋಣೆಯಲ್ಲಿ ಪಂಚನಾಮೆ ನಡೆಸಿದರು. ಮೇಸ್ತ್ರಿಯ ಬ್ಯಾಡ್ಜಿನ ಕ್ಲಿಪ್ಪಿಗೆ ಹಳದಿ ನಾರು ಸಿಕ್ಕಿಕೊಂಡಿತ್ತು. ರಿಯಾಕ್ಟರ್ ಬಳಿ ಬಳಸಿ ವಿಕಿರಣ ಅಂಟಿದ ಕೈಗವಸು ತುಂಬುವ ಚೀಲಕ್ಕೆ ಮಾತ್ರ ಆ ಬಣ್ಣ. ಆ ಚೀಲ ಮುಟ್ಟುವವಳು ಸ್ಥಾವರದ ಲಾಂಡ್ರಿಯಾಕೆ ಒಬ್ಬಳೇ.

ಹೊರಡುವ ಮುನ್ನ ಇನ್‌ಸ್ಪೆಕ್ಟರ್ ಮೇಸ್ತ್ರಿಯ ಡ್ರಾಯರ್ ಎಳೆದರು. ಕೂಲಿಗಳ ಹೆಸರಿನ ಹನ್ನೊಂದು ಬ್ಯಾಡ್ಜ್‌ಗಳು.

"ಇವರೆಲ್ಲ ಎಲ್ಲಿ?"

"ಒಳಗೆ, ಕೆಲಸದಲ್ಲಿ."

"ಬ್ಯಾಡ್ಜ್ ಇಲ್ದೇ?"

"ಹಾಕ್ಕೊಂಡ್ರೆ ಹತ್ತೇ ದಿನಕ್ಕೆ ಮಿತಿ ಮುಗಿಯುತ್ತೆ ಸರ್. ಕೂಲಿ ತಪ್ಪುತ್ತೆ ಅಂತ ಅವ್ರೇ ಬಿಚ್ಚಿಟ್ಟು ಹೋಗ್ತಾರೆ."

ಅದನ್ನೂ ಪಂಚನಾಮೆಯಲ್ಲಿ ಬರೆಸಿದರು.

ಮಂಗಳವಾರ 7.05. ಲಾಂಡ್ರಿಯಾಕೆ ಮನೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಮಗು ಏನೋ ಕೇಳಲು ಬಾಯಿ ತೆರೆಯಿತು. "ಸುಮ್ನಿರು ಪುಟ್ಟಿ" ಎಂದು ತಾಯಿ ಭುಜ ಒತ್ತಿದಳು.

"ಮೇಸ್ತ್ರಿಯ ಬ್ಯಾಡ್ಜ್ ಚೀಲಕ್ಕೆ ಹಾಕಿದ್ದು ನೀವಾ?"

"ಹೌದು. ದಿನಾ ಸಂಜೆ ಹಾಕ್ತಿದ್ದೆ, ಬೆಳಗ್ಗೆ ಗೋಡೆಗೆ ವಾಪಸ್ ನೇತುಹಾಕ್ತಿದ್ದೆ."

"ಯಾಕೆ?"

"ಸ್ಥಾವರಕ್ಕೆ ನಮ್ಮ ಹೊಲ ಹೋಯ್ತು, ಬದಲಿಗೆ ನಮ್ಮನೆಯವ್ರಿಗೆ ಈ ಕೂಲಿ ಕೊಟ್ರು. ಎರಡು ವರ್ಷ ಅವ್ರ ಬ್ಯಾಡ್ಜ್ ಆ ಡ್ರಾಯರಲ್ಲಿತ್ತು. ರಕ್ತ ಕೆಟ್ಟು ಹೋಗ್ಬಿಟ್ರು. ಪರಿಹಾರ ಕೇಳಿದ್ರೆ ಮೇಸ್ತ್ರಿ, 'ಅಳತೆ ಸರಿಯಾಗೇ ಇದೆಯಲ್ಲಮ್ಮಾ' ಅಂದ. ಅದಕ್ಕೇ ಅವನ ಬ್ಯಾಡ್ಜ್ ಕೈಲೂ ಸುಳ್ಳು ಹೇಳಿಸ್ದೆ."

"ತಪ್ಪು ಅನಿಸಲಿಲ್ವಾ?"

"ಎರಡು ವರ್ಷಕ್ಕೆ ಒಂದು ತಿಂಗಳು ಸಾಲ್ದು ಅನಿಸ್ತು."

ಇನ್‌ಸ್ಪೆಕ್ಟರ್ ಪೆನ್ನು ಮುಚ್ಚಿದರು. "ಹೊರಡಿ."

"ಇನ್ನೊಂದು ಜಡೆ ಬಾಕಿ ಇದೆ ಸಾರ್."

"ಕೊಡಿ ಅಕ್ಕ, ನಾನು ಹಾಕ್ತೀನಿ. ಇವಳ ಚಿಕ್ಕಮ್ಮ ಬರೋವರೆಗೂ ಇಲ್ಲೇ ಇರ್ತೀನಿ" ಎಂದು ಪೇದೆ ಬಾಚಣಿಗೆ ತೆಗೆದುಕೊಂಡಳು.

ದ್ವೇಷವೇ ಕಾರಣ, ಆರೋಪಿ ಪ್ರತಿರೋಧ ತೋರಲಿಲ್ಲ ಎಂದು ದಸ್ತಗಿರಿ ವರದಿಯಲ್ಲಿದೆ.

ಜೀಪು ತಿರುವು ದಾಟಿತು. ಭುಜದ ಮೇಲೆ ಈಗ ಅಮ್ಮನ ಕೈ ಇರಲಿಲ್ಲ. ಅರ್ಧ ಹೆಣೆದ ಜಡೆಯನ್ನು ಪೇದೆಯ ಕೈಯಿಂದ ಬಿಡಿಸಿಕೊಂಡು ಮಗು ತಿರುಗಿತು.

"ಆಂಟೀ, ಅಪ್ಪನ ಬ್ಯಾಡ್ಜ್ ಡ್ರಾಯರಲ್ಲಿ ಇಟ್ಕೊಂಡೋನನ್ನ ಯಾವಾಗ ಕರ್ಕೊಂಡು ಹೋಗ್ತೀರಾ?"