ಮೂರು ಅಡಿ ಖಾಲಿ ಜಾಗ

ಮಧ್ಯಾಹ್ನ ಎರಡು ಗಂಟೆಗೆ ಹಿರೇಹೊಳಿ ಪಟ್ಟಣದ ಎಲ್ಲ ಬಾಗಿಲುಗಳ ಮೇಲಿದ್ದ ಮಟ್ಟಫಲಕಗಳು ಒಂದೇ ಸಲ ಟಿಕ್ ಎಂದವು. ಹೊಳೆ ಉಕ್ಕುತ್ತಿತ್ತು. ಯಾವ ಮನೆಗೆ ಎಷ್ಟು ನೀರು ಬರುತ್ತದೆಂಬ ಅಂಕಿ ಅಂಗೈಯಗಲದ ಆ ಫಲಕದಲ್ಲಿ ಮೂರು ತಾಸು ಮೊದಲೇ ಮೂಡುತ್ತಿತ್ತು. ಓಣಿಯ ಕೊನೆಯಲ್ಲಿದ್ದ ಮೌನೇಶ ಬಡಿಗೇರನ ಮನೆಯ ಫಲಕ ಸೊನ್ನೆ ತೋರಿಸಿತು.

"ಸೊನ್ನಿ ಐತಿ, ಹೋಗಿ ಬರ್ರಿ. ಆ ಗಿರಾಕಿ ಕಿಡಕಿ ಕೆಲಸ ಇನ್ನ ಎಷ್ಟ ದಿನ ಬಾಕಿ ಇಡ್ತೀರಿ?" ಎಂದಳು ಅವನ ಹೆಂಡತಿ ಕಾಳವ್ವ. ಮೊಣಕಾಲು ಕೆಟ್ಟು ಆರು ತಿಂಗಳಿಂದ ಮಂಚ ಹಿಡಿದಿದ್ದವಳು.

"ಕಾಲು ನಿಂತ್ರೂ ನಿನ್ನ ಬಾಯಿ ನಿಂದರವಲ್ದು ನೋಡು," ಎಂದು ನಕ್ಕು ಮೌನೇಶ ಹತಾರದ ಚೀಲ ಹೆಗಲಿಗೇರಿಸಿದ.

ಐದು ಗಂಟೆಗೆ ಅವನು ಓಡಿ ಬಂದಾಗ ಮನೆಯೊಳಗೆ ಎದೆಮಟ್ಟ ನೀರಿತ್ತು. ಫಲಕ ಇನ್ನೂ ಸೊನ್ನೆಯನ್ನೇ ತೋರಿಸುತ್ತಿತ್ತು. ಬಿದ್ದ ಹಿಂಗೋಡೆಯ ಅಡಿಯಿಂದ ಕಾಳವ್ವನ ಹೆಣವನ್ನು ಮಂಚದ ಸಮೇತ ತೆಗೆದರು.

ಫಲಕಗಳ ಹಿಂದೆ ಇದ್ದದ್ದು ಜಲಮುನ್ನೋಟ ಯಂತ್ರ. ಅದು ಇಡೀ ಊರನ್ನು ಗೇಣಗಲದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಗೋಡೆಯಿದೆಯೋ ಬಯಲಿದೆಯೋ ನೋಡಿ, ನೀರು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕುತ್ತಿತ್ತು. ಗೋಡೆ ಎಲ್ಲಿದೆಯೆಂಬುದನ್ನು ಪುರಸಭೆ ಮಂಜೂರು ಮಾಡಿದ ಕಟ್ಟಡ ನಕ್ಷೆಗಳಿಂದ ತಿಳಿಯುತ್ತಿತ್ತು. ಪ್ರವಾಹ ವಿಮೆಯೂ ಅದರ ಅಂಕಿಯ ಮೇಲೆಯೇ ನಡೆಯುತ್ತಿತ್ತು. ಪಂಚನಾಮೆ ಇಲ್ಲ, ಸಾಕ್ಷಿ ಇಲ್ಲ. ಬೇರೆ ಅಂಕಿ ಬರೆಯುವ ಅಧಿಕಾರ ಯಾರಿಗೂ ಇಲ್ಲ. ಲಂಚ ತಿನ್ನುವ ಮನುಷ್ಯನಿಗಿಂತ ಯಂತ್ರ ಮೇಲು ಎಂದು ಕಾನೂನು ಮಾಡಿದ್ದರು. ಆ ಯಂತ್ರಕ್ಕೆ ಉಣಿಸುವವರು ಯಾರೆಂದು ಒಬ್ಬನಾದರೂ ಕೇಳಬೇಕಿತ್ತಲ್ಲ!

"ಯಂತ್ರ ಸೊನ್ನಿ ಅಂದದ," ಎಂದ ಪುರಸಭೆಯ ಮುಖ್ಯಾಧಿಕಾರಿ ಹುಲ್ಲೂರ. "ಸೊನ್ನಿ ಅಂದ್ರ ನಿಮ್ಮ ಮನಿಗೆ ನೀರು ಬಂದಿಲ್ಲ. ಗ್ವಾಡಿ ಕಚ್ಚಾ ಇತ್ತು, ಬಿತ್ತು. ಹಂಗ ಬರೀತೀನಿ."

"ಸಾಹೇಬ್ರ, ವಿಮಾ ರೊಕ್ಕ ನೀವ ಇಟ್ಕೋರಿ. ಆ ಗ್ವಾಡಿ ನಾ ಕೈಯಾರೆ ಕಟ್ಟಿದ್ದು. ಗ್ವಾಡಿ ಬಿದ್ದು ಸತ್ಲು ಅಂತ ಬರದ್ರ ನಾನ ಕೊಂದಂಗ ಆತಲ್ರಿ? ನೀರು ಬಂದು ಒಯ್ತು ಅಂತ ಒಂದ ಸಾಲು ಬರದ ಕೊಡ್ರಿ."

"ಯಂತ್ರಕ್ಕ ಹೇಳ್ರಿ," ಎಂದು ಹುಲ್ಲೂರ ಚಹಾ ತರಿಸಿಕೊಂಡ.

ಮೌನೇಶ ನಿಜವಾಗಿಯೂ ಯಂತ್ರಕ್ಕೆ ಹೇಳಲು ಹೋದ. ಹನ್ನೊಂದು ದಿನ ಪುರಸಭೆಯ ಮೆಟ್ಟಿಲ ಮೇಲೆ ಕುಳಿತ. ಹನ್ನೆರಡನೆಯ ದಿನ ಯಂತ್ರವನ್ನು ರೂಪಿಸಿದ ಡಾ. ವಿಭಾ ತೆಲಸಂಗ ರಾಜಧಾನಿಯಿಂದ ಬಂದಳು. ಅವನ ಮಾತು ಕೇಳಿ, ತೆರೆಯ ಮೇಲೆ ಓಣಿಯ ನಕ್ಷೆ ಬಿಡಿಸಿದಳು.

"ನೋಡಿ ಯಜಮಾನರೇ, ಇಲ್ಲಿ ನಲವತ್ಮೂರು ಮನೆ. ಪ್ರತಿ ಎರಡು ಮನೆಯ ನಡುವೆ ಮೂರು ಅಡಿ ಖಾಲಿ ಜಾಗ. ನೀರು ಅಲ್ಲೆಲ್ಲ ಹಂಚಿಕೊಂಡು ಕೆಳಗಿನ ಹಳ್ಳಕ್ಕೆ ಇಳಿದುಹೋಗುತ್ತದೆ. ನಿಮ್ಮ ಮನೆಗೆ ಬರಲು ಸಾಧ್ಯವೇ ಇಲ್ಲ."

ಮೌನೇಶ ತೆರೆಯನ್ನು ಬಹಳ ಹೊತ್ತು ನೋಡಿದ. "ಇದು ಯಾವ ಊರ್ರಿ ಮೇಡಂ? ಭಾಳ ಚಂದ ಐತಿ."

ಅವಳನ್ನು ಓಣಿಗೆ ಕರೆದುಕೊಂಡು ಹೋದ. ಪಕ್ಕದ ಮನೆ ಪರಗೊಂಡ ಅಂಗಡಿ ಎಂಬವನದು, ಮೂರು ಮಹಡಿ. ಅದಕ್ಕೂ ಅದರಾಚೆಯ ಮನೆಗೂ ನಡುವಿನ ಸಂದಿಗೆ ಚೀಲದಿಂದ ಉಳಿ ತೆಗೆದು ತೂರಿಸಲು ನೋಡಿದ. ಉಳಿ ಹೋಗಲಿಲ್ಲ.

"ಮೂರು ಫೂಟ ಅಂದ್ರಿ. ನನ್ನ ಉಳಿಗೂ ಜಾಗಾ ಇಲ್ಲ ಇಲ್ಲಿ."

"ಆದರೆ ಮಂಜೂರಾದ ನಕ್ಷೆ...?"

"ಅದು ಕಚೇರಿದು, ಮೇಡಂ," ಎಂದು ಮೇಲಿನ ಗಚ್ಚಿಯಿಂದ ಪರಗೊಂಡನೇ ಉತ್ತರ ಕೊಟ್ಟ. "ಕಟ್ಟೂದು ಗ್ವಾಡಿ ಇಡೂ ಗೌಂಡಿ ನಕ್ಷೆದಾಗಿಂದು. ಎಲ್ಲಾರೂ ಹಂಗ. ನಿಮ್ಮ ಕಡೆ ಇಲ್ಲೇನು?"

ವಿಭಾ ಗೋಡೆಗೆ ಕೈಯಿಟ್ಟು ನಿಂತಳು. ಏಳು ವರ್ಷದ ಕೆಲಸದಲ್ಲಿ ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗುಟ್ಟಾಗಿದ್ದರೆ ಯಾರಾದರೂ ಪಿಸುಗುಟ್ಟುತ್ತಿದ್ದರು. ಊರಿಗೆ ಊರೇ ಬಲ್ಲ ಸಂಗತಿಯನ್ನು ಹೇಳುವವರು ಯಾರು? ಕಚೇರಿಯ ನಕ್ಷೆಯಂತೆ ಮೂರು ಅಡಿ ಬಿಟ್ಟು ಕಟ್ಟಿದ್ದವನು ಮೌನೇಶ ಒಬ್ಬನೇ. ಗೆರೆ ಎಳೆದ ಮೇಲೆ ಗೆರೆಯ ಮೇಲೆಯೇ ಗರಗಸ ಆಡಿಸಬೇಕೆಂದು ಕಲಿತ ಕೈ ಅವನದು. ನಲವತ್ತೆರಡು ಮನೆ ತಡೆದ ನೀರೆಲ್ಲ ಅವನು ಬಿಟ್ಟ ಸಂದಿಗೆ ನುಗ್ಗಿತ್ತು.

ಮರುದಿನ ಅವಳ ಅಳತೆ ಹಕ್ಕಿಗಳು, ಎಂದರೆ ಬೆಳಕಿನಿಂದ ಅಳೆಯುವ ಪುಟ್ಟ ಹಾರುಯಂತ್ರಗಳು, ನಿಜವಾದ ಗೋಡೆಗಳನ್ನೆಲ್ಲ ಅಳೆದವು. ಯಂತ್ರ ಲೆಕ್ಕವನ್ನು ಮತ್ತೆ ಮಾಡಿತು. ಮೌನೇಶ ಬಡಿಗೇರನ ಮನೆ: ನಾಲ್ಕು ಅಡಿ ಎರಡು ಅಂಗುಲ. ಮರಣದ ಕಾರಣ: ಪ್ರವಾಹ.

ಆ ಹಾಳೆಯನ್ನು ಮೌನೇಶ ಎರಡೂ ಕೈಯಲ್ಲಿ ಹಿಡಿದು ನಾಲ್ಕು ಸಲ ಓದಿದ. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು, ಕಾಳವ್ವ ಸತ್ತ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತ.

ವಾರದೊಳಗೆ ಇನ್ನೊಂದು ಹಾಳೆ ಬಂತು. ಸತ್ಯ ತಿಳಿದ ಯಂತ್ರಕ್ಕೆ ಕಾನೂನಿನ ಪ್ರಕಾರ ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು: ಅತಿ ಕಡಿಮೆ ಕಟ್ಟಡ ಕೆಡವಿ ಊರನ್ನು ಉಳಿಸುವುದು ಹೇಗೆ? ಯಂತ್ರ ಒಂದು ಕ್ಷಣದಲ್ಲಿ ಉತ್ತರಿಸಿತು. ಒಂದು ಮನೆ ತೆಗೆದರೆ ಸಾಕು. ನೀರು ಈಗಾಗಲೇ ಹಾಯುತ್ತಿರುವ, ಮೌನೇಶ ಬಿಟ್ಟ ದಾರಿಯನ್ನು ಅಗಲ ಮಾಡಿದರೆ ಸಾಕು. ಉಳಿದ ನಲವತ್ತೆರಡು ಮನೆಗಳು ಯಂತ್ರದ ಲೆಕ್ಕಕ್ಕೆ ಸೇರಿದ್ದರಿಂದ ಸಕ್ರಮವಾದವು.

"ನಾನು ಮೇಲ್ಮನವಿ ಬರೆಯುತ್ತೇನೆ," ಎಂದಳು ವಿಭಾ. "ಇದು ಅನ್ಯಾಯ."

"ಏನಂತ ಬರೀತೀರಿ? ನೀರು ಬಂದಿಲ್ಲಂತೇನು?" ಎಂದು ಕೇಳಿದ ಮೌನೇಶ. "ಹಂಗ ಬರದ್ರ ಆಕಿ ಮತ್ತ ನನ್ನ ಗ್ವಾಡಿಗೇ ಸತ್ತಂಗ. ಬ್ಯಾಡ್ರಿ."

ಮನೆ ಬೀಳಿಸುವ ದಿನ ಅವನು ಬಾಗಿಲ ಚೌಕಟ್ಟನ್ನು ಬಿಚ್ಚಿ ತಳ್ಳುಗಾಡಿಗೆ ಹೇರಿದ. ಓಣಿಯವರು ನಿಂತು ನೋಡಿದರು. ಕೆಲವರು ಕಣ್ಣೊರೆಸಿಕೊಂಡರು, ಅದೂ ಸುಳ್ಳಲ್ಲ. ಸಂಜೆಯ ಹೊತ್ತಿಗೆ ಅಲ್ಲಿ ಬರಿ ನೆಲವಿತ್ತು. ಹುಲ್ಲೂರ ಜೀಪು ಹತ್ತುವಾಗ ಪರಗೊಂಡ ಅವನ ಕಿವಿಯ ಹತ್ತಿರ ಬಾಗಿದ.

"ಸಾಹೇಬ್ರ, ಜಾಗಾ ಸುಮ್ನ ಬಿದ್ದಿರತೈತಿ. ಒಂದು ಸಣ್ಣ ತಗಡಿನ ಪತ್ರಾಸ ಶೆಡ್ ಹಾಕ್ಕೊಳ್ಳಲೇನ್ರಿ? ನಕ್ಷೆದಾಗೇನ ತೋರ್ಸೂದಿಲ್ಲ ಬಿಡ್ರಿ."